ತಲೆ ನೋವು ಬಂದರೆ ಹೇಳ್ತೀಯಾ?

ಪ್ರೀತಿಯ ಕ್ಯಾಪ್ಟನ್,

ತಯಾರಿ ಎಲ್ಲಿಗೆ ಬಂತು ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳೋಕೆ ಹೋದರೆ ನೀನು ಅರ್ಧಕ್ಕೇ ಮಾತು ತಿರುಗಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಯಾಕಂದ್ರೆ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುತ್ತೇವೆ ಅಂತ ಊರಿಗೆಲ್ಲ ಸಾರಿದ್ದು ನಾವೇ, ಈಗ ಸಿಕ್ಕವರೆಲ್ಲ ವಿಚಾರಿಸುತ್ತಾರೆ. ಬಿಳಿ ಟವೆಲಿನ ಸುದ್ದಿ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಮೊದಲು ಮೆಟ್ಟಿಲಿನ ವಿಷಯ. ಬೆಳಿಗ್ಗೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಹತ್ತಿ ಇಳಿಯುತ್ತೇನೆ. ಬ್ಯಾಗಿನಲ್ಲಿ ನೀರಿನ ಬಾಟಲಿಗಳು. ಭಾರ ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದೇನೆ. ಅಲ್ಲಿ ದೊಡ್ಡ ಚೀಲವನ್ನು ಪೋರ್ಟರ್ ಹೊತ್ತರೂ ನೀರು, ಜಾಕೆಟ್ಟು, ಮಳೆಯಂಗಿ ಎಲ್ಲ ಸೇರಿ 6-7 ಕೆಜಿ ನಮ್ಮ ಬೆನ್ನ ಮೇಲೇ ಇರುತ್ತದೆ. ನಾನೀಗ ಹತ್ತುವುದಕ್ಕಿಂತ ಇಳಿಯುವುದಕ್ಕೇ ಜಾಸ್ತಿ ಗಮನ ಕೊಡುತ್ತಿದ್ದೇನೆ. ನೀನೂ ಕೊಡಬೇಕು. ನಡಿಗೆ ಶುರುವಾಗುವ ಲುಕ್ಲಾದಿಂದ ಬೇಸ್ ಕ್ಯಾಂಪ್ ತಲುಪಲು ಸಾಮಾನ್ಯವಾಗಿ ಎಂಟು ದಿನ. ವಾಪಸ್ ಬರುವುದು ಮೂರೋ ನಾಲ್ಕೋ ದಿನದಲ್ಲಿ. 5,364 ಮೀಟರಿನಿಂದ 2,860 ಮೀಟರಿಗೆ, ಅಂದರೆ ಎರಡೂವರೆ ಸಾವಿರ ಮೀಟರ್ ಇಳಿಜಾರು, ಅಷ್ಟು ಕಡಿಮೆ ದಿನದಲ್ಲಿ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದಕ್ಕೆ ಎಳೆದುಕೊಳ್ಳುತ್ತಲೇ ಮೈಭಾರವನ್ನು ಹಿಡಿದು ನಿಲ್ಲಿಸಬೇಕು, ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇರುವ ಬಸ್ಸಿನ ಹಾಗೆ. ಅಂಥ ಕೆಲಸದಿಂದ ಬರುವ ನೋವು ಆವತ್ತು ಗೊತ್ತಾಗುವುದಿಲ್ಲ. ಮಾರನೇ ದಿನ ಬರುತ್ತದೆ, ಅದರ ಮಾರನೇ ದಿನ ಇನ್ನೂ ಜೋರಾಗುತ್ತದೆ. ಒಳ್ಳೆಯ ಸುದ್ದಿ ಏನಂದ್ರೆ ಈ ನೋವನ್ನು ಒಮ್ಮೆ ಅನುಭವಿಸಿದ ಸ್ನಾಯು ಮುಂದೆ ಕೆಲವು ವಾರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಇಲ್ಲೇ ಇಳಿದು ಇಳಿದು ನೋಯಿಸಿಕೊಂಡು ಹೋಗುವುದು ಜಾಣತನ.

ಆದರೆ ಆತುರ ಬೇಡ ಮಾರಾಯ. ಸ್ನಾಯು ವಾರಗಳಲ್ಲಿ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟಿಹಾಕಿರುವ ಟೆಂಡನ್‌ಗಳಿಗೆ ತಿಂಗಳುಗಟ್ಟಲೆ ಬೇಕು. ಕಾಲಿನಲ್ಲಿ ಶಕ್ತಿ ಬಂತು ಅಂತ ಅನಿಸುವ ಹೊತ್ತಿಗೆ ಮೊಣಕಾಲಿನ ಸುತ್ತಮುತ್ತ ಇನ್ನೂ ಹಳೆಯ ಸ್ಥಿತಿಯಲ್ಲೇ ಇರುತ್ತದೆ. ಬಹಳ ಜನ ಕಾಲು ಕೆಡಿಸಿಕೊಳ್ಳುವುದು ಆ ನಡುವಿನ ದಿನಗಳಲ್ಲಿ.

ಇನ್ನು ನಿನ್ನ ಓಟ. ಕೈಗಡಿಯಾರದ ಫೋಟೋ ಕಳಿಸುತ್ತೀಯಲ್ಲ, ನೋಡಿ ಖುಷಿಯಾಗುತ್ತದೆ, ನಿಜವಾಗಿಯೂ. ಆದರೆ ವಾರದಲ್ಲಿ ಹೆಚ್ಚಿನ ದಿನ ಏದುಸಿರು ಬಿಡದೆ, ಮಾತಾಡುತ್ತಾ ಹೋಗಬಹುದಾದ ವೇಗದಲ್ಲಿ ಜಾಸ್ತಿ ಹೊತ್ತು ನಡೆ. ಒಂದು ಗಂಟೆ, ಎರಡು ಗಂಟೆ, ಆಮೇಲೆ ಅರ್ಧ ದಿನ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುವುದು, ಸ್ನಾಯುವಿನ ಒಳಗೆ ಸಣ್ಣ ಸಣ್ಣ ರಕ್ತನಾಳಗಳು ಹೊಸದಾಗಿ ಹಬ್ಬುವುದು ಇಂಥ ನಿಧಾನದ ನಡಿಗೆಯಲ್ಲೂ ಆಗುತ್ತದೆ. ದಾರಿಯಲ್ಲಿ ನಾಮ್ಚೆ ಅನ್ನುವ ಊರಿನಿಂದ ತೆಂಗ್‌ಬೋಚೆಗೆ ಹೋಗುವ ದಿನ ನೋಡು. ಮೊದಲು ದೂಧ್ ಕೋಶಿ ನದಿಯ ತನಕ ಇಳಿಸುತ್ತಾರೆ, ಕಷ್ಟಪಟ್ಟು ಗಳಿಸಿದ ಎತ್ತರದಲ್ಲಿ ಒಂದಿಷ್ಟು ಬಿಟ್ಟುಕೊಡಬೇಕು, ಆಮೇಲೆ ಸೇತುವೆ ದಾಟಿ ತೆಂಗ್‌ಬೋಚೆಯ ಮಠದವರೆಗೆ ಸುಮಾರು 600 ಮೀಟರ್ ನೇರ ಏರು. ಆ ಏರಿನಲ್ಲಿ ವೇಗ ಕೆಲಸಕ್ಕೆ ಬರುವುದಿಲ್ಲ. ಒಂದೇ ಸಮ ನಡೆಯುತ್ತಾ ಇರುವವನು ತಲುಪುತ್ತಾನೆ.

ಇದೆಲ್ಲ ನಿನಗೆ ಗೊತ್ತಿರುವುದೇ. ನಾನು ಬರೆಯೋಕೆ ಕೂತ ಕಾರಣ ಬೇರೆ. ಹೋದ ವಾರ ನೀನು ಒಂದು ಮಾತು ಹೇಳಿದೆ: "ಬಾಡಿ ಫಿಟ್ ಇದ್ರೆ ಎತ್ತರ ಏನೂ ಮಾಡಲ್ಲ." ಆವತ್ತಿನಿಂದ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಅದು ಹಾಗಲ್ಲ ಕಣೋ. ಕಾಲಿಗೆ ತರಬೇತಿ ಕೊಡಬಹುದು, ಎದೆಗೆ ಕೊಡಬಹುದು. ಎತ್ತರಕ್ಕೆ ಇಲ್ಲಿ ಕೂತು ಮೆಟ್ಟಿಲು ಹತ್ತಿ ತರಬೇತಿ ಕೊಡೋಕಾಗಲ್ಲ. ಬೇಸ್ ಕ್ಯಾಂಪಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿರುವಷ್ಟೇ, ಸುಮಾರು ಶೇ. 21. ಆದರೆ ಗಾಳಿಯ ಒತ್ತಡವೇ ಸಮುದ್ರಮಟ್ಟದ ಅರ್ಧದಷ್ಟಾಗಿರುತ್ತದೆ. ಒಂದು ಉಸಿರಿಗೆ ಸಿಗುವುದು ಅರ್ಧ ಆಮ್ಲಜನಕ ಅಂತ ಇಟ್ಟುಕೋ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಜೋರಾಗುತ್ತದೆ, ಅದರಿಂದ ರಕ್ತದಲ್ಲಿ ಆಗುವ ಏರುಪೇರನ್ನು ಮೂತ್ರಪಿಂಡಗಳು ಸರಿ ಮಾಡುತ್ತವೆ, ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಇದಕ್ಕೆ ದಿನಗಳು ಬೇಕು, ಕೆಲವಕ್ಕೆ ವಾರಗಳು. ಹಟಕ್ಕೆ ಬಿದ್ದರೂ ಅಷ್ಟೇ, ಬೇಡಿಕೊಂಡರೂ ಅಷ್ಟೇ. ದಿನಾ ಓಡುವವನಿಗೂ ಎತ್ತರದ ಕಾಯಿಲೆ ಬರುತ್ತದೆ, ಯಾವತ್ತೂ ಓಡದವನಿಗೆ ಬಾರದೆಯೂ ಇರಬಹುದು. ಯಾರಿಗೆ ಅಂತ ಮುಂಚೆ ಹೇಳೋಕಾಗಲ್ಲ. ಗಟ್ಟಿ ಇರುವವನಿಗೆ ಒಂದು ಅಪಾಯ ಜಾಸ್ತಿಯೇ: ಕಾಲು ಎಳೆದುಕೊಂಡು ಹೋಗುತ್ತದೆ, ದೇಹ ಸಿದ್ಧವಾಗುವ ಮೊದಲೇ ಮೇಲೆ ಮುಟ್ಟಿಬಿಡುತ್ತಾನೆ.

ಅದಕ್ಕೇ ಆ ನಿಯಮ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಜಾಗ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. ನಮ್ಮ ದಾರಿಯಲ್ಲಿ ಫಕ್ಡಿಂಗ್ 2,610, ಮಾರನೇ ದಿನವೇ ನಾಮ್ಚೆ 3,440. ಒಂದೇ ನೆಗೆತಕ್ಕೆ 830 ಮೀಟರ್! ಅದಕ್ಕೇ ನಾಮ್ಚೆಯಲ್ಲಿ ಎರಡನೇ ರಾತ್ರಿ. ಮತ್ತೆ ದಿಂಗ್‌ಬೋಚೆಯಲ್ಲಿ, 4,410ರಲ್ಲಿ, ಇನ್ನೊಂದು. ನೀನು ಕಳಿಸಿದ ಪ್ಲಾನಿನಲ್ಲಿ ದಿಂಗ್‌ಬೋಚೆಯ ಆ ದಿನವನ್ನು "ಬೇಕಾದ್ರೆ ಬಿಡಬಹುದು" ಅಂತ ಬರೆದಿದ್ದೀಯ. ಅದನ್ನು ಬಿಡೋಕೆ ನಾನು ಒಪ್ಪುವುದಿಲ್ಲ. ಇದರ ಮೇಲೆ ಚರ್ಚೆ ಇಲ್ಲ.

ಈಗ ನನ್ನ ನಿಜವಾದ ಭಯ ಹೇಳುತ್ತೇನೆ. ನಾವು ತಲುಪದೆ ಹೋಗಬಹುದು ಅನ್ನುವ ಭಯ ಅಲ್ಲ. ತಲುಪದಿದ್ದರೆ ಏನಂತೆ, ಬೇಸ್ ಕ್ಯಾಂಪಿನಿಂದ ಎವರೆಸ್ಟಿನ ತುದಿ ಕಾಣುವುದೂ ಇಲ್ಲ, ಅದಕ್ಕೆ ಹತ್ತಿರದ ಕಾಲಾಪತ್ಥರ್ ಗುಡ್ಡ ಹತ್ತಬೇಕು. ನನ್ನ ಭಯ ಏನಂದ್ರೆ, ಅಲ್ಲಿ ನಿನಗೆ ತಲೆನೋವು ಶುರುವಾಗುತ್ತದೆ ಮತ್ತು ನೀನು ಹೇಳುವುದಿಲ್ಲ.

ನಿನಗೆ ಆಪರೇಷನ್ ಆದ ಆ ಮಳೆಗಾಲ ನೆನಪಿದೆಯಾ? ನನಗೆ ಗೊತ್ತಾಗಿದ್ದು ನೀನು ಮನೆಗೆ ಬಂದ ಮೇಲೆ, ಅದೂ ನಿನ್ನ ತಂಗಿ ಹೇಳಿ. ಆವತ್ತು ನಾನು ನಕ್ಕೆ. "ಏನೋ ಮಾರಾಯ, ಒಂದು ಮಾತು ಹೇಳೋದಲ್ವಾ" ಅಂದೆ. ವಿಷಯ ಅಲ್ಲಿಗೆ ಮುಗಿಯಿತು ಅಂತ ನೀನು ಅಂದುಕೊಂಡೆ. ನನಗೆ ಮುಗಿದಿರಲಿಲ್ಲ. ಆ ವಾರ ಪೂರ್ತಿ ನಾವು ಮೆಸೇಜ್ ಮಾಡುತ್ತಲೇ ಇದ್ದೆವು. ನಾನು ಶೂ ತಗೊಳ್ಳೋಕೆ ಹೊರಟಿದ್ದೆ, ನೀನು ಒಂದು ಸೈಜ್ ದೊಡ್ಡದು ತಗೋ, ಇಳಿಯುವಾಗ ಬೆರಳು ಮುಂದಕ್ಕೆ ಜಾರುತ್ತೆ ಅಂತ ಸಲಹೆ ಕೊಡುತ್ತಿದ್ದೆ. ಆಸ್ಪತ್ರೆಯ ಹಾಸಿಗೆಯ ಮೇಲಿಂದ! ಆಮೇಲೆ ಆ ಮೆಸೇಜುಗಳನ್ನು ಮತ್ತೆ ತೆಗೆದು ಓದಿದ್ದೇನೆ. ಎಲ್ಲಾದರೂ ಒಂದು ಸುಳಿವು ಇತ್ತಾ, ನಾನು ಗಮನಿಸಬೇಕಿತ್ತಾ ಅಂತ. ಒಂದೂ ಇರಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ ನೀನು. ಬೇರೆಯವರಿಗೆ ತೊಂದರೆ ಯಾಕೆ ಅಂತ ನೀನು ಹಾಗೆ ಮಾಡುತ್ತೀಯ, ಅದು ನನಗೆ ಅರ್ಥವಾಗುತ್ತದೆ. ಆದರೆ ನಾನು ಬೇರೆಯವನಾ?

ಬೆಟ್ಟದಲ್ಲಿ ಇದು ನಡೆಯುವುದಿಲ್ಲ. ಬರೀ ತಲೆನೋವು, ವಾಕರಿಕೆ, ಸುಸ್ತು ಇದ್ದಾಗ ನಿಂತರೆ, ಮೇಲೆ ಹೋಗದೆ ಅಲ್ಲೇ ಒಂದು ದಿನ ಕಳೆದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಮುಚ್ಚಿಟ್ಟುಕೊಂಡು ಹತ್ತಿದರೆ ಮಿದುಳು ಊದಿಕೊಳ್ಳಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎರಡೂ ಜೀವ ತೆಗೆಯುತ್ತವೆ. ಮಿದುಳಿಗೆ ತೊಂದರೆ ಆದಾಗಂತೂ ಯೋಚನೆ ಮಾಡುವ ಶಕ್ತಿಯೇ ಹೋಗುತ್ತದೆ, ತನಗೇನಾಗಿದೆ ಅಂತ ಆ ಮನುಷ್ಯನಿಗೇ ಗೊತ್ತಾಗದೆ ಇರಬಹುದು. ಪಕ್ಕದಲ್ಲಿರುವವನೇ ನೋಡಬೇಕು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಡೆಸುತ್ತಾರೆ, ತೂರಾಡಿದರೆ ರಾತ್ರಿಯಾದರೂ ಸರಿ, ತಕ್ಷಣ ಕೆಳಗೆ. ಸುಮ್ಮನೆ ಕೂತಾಗಲೂ ಏದುಸಿರು, ಜೊತೆಗೆ ಕೆಮ್ಮು ಇದ್ದರೂ ಕೆಳಗೆ. ದಿಂಗ್‌ಬೋಚೆಗೆ ಹತ್ತಿರದ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯ ಇದೆ. ಚಾರಣದ ಕಾಲದಲ್ಲಿ ಅಲ್ಲಿನ ಡಾಕ್ಟರುಗಳು ಎತ್ತರದ ಕಾಯಿಲೆ ಬಗ್ಗೆ ಬಂದವರಿಗೆ ತಿಳಿಸಿ ಹೇಳುತ್ತಾರೆ. ನಾವು ಹೋಗಿ ಕೂರೋಣ. ನಿನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ.

ಇನ್ನೊಂದು ಹೇಳಿಬಿಡುತ್ತೇನೆ, ಮತ್ತೆ ಧೈರ್ಯ ಬರುತ್ತೋ ಇಲ್ಲವೋ. ನಾನು ಈ ಟ್ರೆಕ್ಕಿಗೆ ಹೂಂ ಅಂದಿದ್ದು ಎವರೆಸ್ಟಿಗಾಗಿ ಅಲ್ಲ. ಆ ಮಳೆಗಾಲದ ನಂತರ ನಿನ್ನ "ಚೆನ್ನಾಗಿದ್ದೀನಿ"ಯನ್ನು ನಂಬೋಕೆ ನನಗೆ ಆಗುತ್ತಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೆಲ್ಲ ಅದರ ಹಿಂದೆ ಏನಿರಬಹುದು ಅಂತ ಹುಡುಕುತ್ತೇನೆ. ಎರಡು ವಾರ ನಿನ್ನ ಪಕ್ಕದಲ್ಲಿ ನಡೆಯಬಹುದು, ಒಂದೇ ಕೋಣೆಯಲ್ಲಿ ಮಲಗಬಹುದು, ನೀನು ಹೇಳದಿದ್ದರೂ ನೋಡಬಹುದು ಅನ್ನುವ ಆಸೆಗೆ ಒಪ್ಪಿಕೊಂಡೆ. ರಾತ್ರಿ ನಿನ್ನ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ಒಮ್ಮೆಲೇ ಜೋರಾಗಿ ಶುರುವಾಗಬಹುದು, ಎತ್ತರದಲ್ಲಿ ಅದು ಬಹುತೇಕ ಎಲ್ಲರಿಗೂ ಆಗುವುದೇ, ಅದೊಂದರಿಂದ ಗಾಬರಿಯಾಗಬೇಕಿಲ್ಲ ಅಂತ ಓದಿಕೊಂಡಿದ್ದೇನೆ. ಆದರೂ ನಾನು ಎದ್ದು ಕೂತು ಕೇಳುತ್ತಿರುತ್ತೇನೆ ಅಂತ ನನಗೆ ಗೊತ್ತು. ನೀನು ನನಗೆ ಅಷ್ಟು ಮುಖ್ಯ. ಇಷ್ಟು ವರ್ಷದಲ್ಲಿ ಇದನ್ನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಇರಲಿ, ಬಂದಿದ್ದು ಬಂತು, ಅಳಿಸುವುದಿಲ್ಲ.

ಹೊರೆಯ ವಿಷಯಕ್ಕೆ ಬರೋಣ. ವಾಕಿಂಗ್ ಪೋಲ್ ಎರಡು ತಗೋ, ಒಂದು ಸಾಲದು, ಇಳಿಯುವಾಗ ಮೊಣಕಾಲಿನ ಭಾರವನ್ನು ಕೈಗಳೂ ಹಂಚಿಕೊಳ್ಳಲಿ. ಶೂವನ್ನು ಈಗಿನಿಂದಲೇ ಹಾಕಿಕೊಂಡು ನಡೆ, ಹೊಸ ಶೂ ಹಾಕಿಕೊಂಡು ಲುಕ್ಲಾದಲ್ಲಿ ಇಳಿಯುವುದು ಬೇಡ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗಿ 5,000 ಮೀಟರ್ ದಾಟುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಿ ಕೇಳು. ಎತ್ತರದ ಕಾಯಿಲೆ ಬಾರದಂತೆ ತಗೊಳ್ಳುವ ಡಯಮಾಕ್ಸ್ ಮಾತ್ರೆ ಬೇಕಾ, ನಿನಗೆ ಆಗುತ್ತಾ ಅಂತ ಅವರೇ ಹೇಳಲಿ. ಅದನ್ನು ನುಂಗಿದರೆ ಬೆರಳ ತುದಿ ಜುಮ್ಮೆನ್ನುತ್ತದಂತೆ, ಪದೇ ಪದೇ ಮೂತ್ರಕ್ಕೆ ಓಡಬೇಕಂತೆ. ಉಣ್ಣೆ ಟೋಪಿ ನಿನಗೂ ಸೇರಿಸಿ ನಾನೇ ತಗೊಂಡಿದ್ದೇನೆ. ಹಳದಿ. ಯಾಕೆ ಹಳದಿ ಅಂತ ಓದುವವರಿಗೆ ಗೊತ್ತಾಗಬೇಕಿಲ್ಲ. ನೀನು ಹಾಕಿಕೊಳ್ಳಲೇಬೇಕು, ಭಟ್ಟರ ಆಣೆ.

ಮಾತಿನಲ್ಲಿ ಹೇಳೋಕೆ ನಿನಗೆ ಕಷ್ಟ ಅಂತ ಗೊತ್ತು, ಅದಕ್ಕೆ ಒಂದು ದಾರಿ ಹುಡುಕಿದ್ದೇನೆ. ಎತ್ತರದ ಕಾಯಿಲೆ ಅಳೆಯಲು ಲೇಕ್ ಲೂಯಿಸ್ ಸ್ಕೋರ್ ಅಂತ ಒಂದಿದೆ. ತಲೆನೋವು, ಹೊಟ್ಟೆ, ಸುಸ್ತು, ತಲೆಸುತ್ತು, ಈ ನಾಲ್ಕಕ್ಕೂ 0ಯಿಂದ 3ರ ತನಕ ಅಂಕ. ಎತ್ತರಕ್ಕೆ ಬಂದ ಮೇಲೆ ತಲೆನೋವು ಇದ್ದು, ಎಲ್ಲ ಸೇರಿ 3 ಅಥವಾ ಅದಕ್ಕಿಂತ ಜಾಸ್ತಿ ಆದರೆ ಕಾಯಿಲೆ ಅಂತ ಲೆಕ್ಕ, ಮೇಲಕ್ಕೆ ಹೋಗುವಂತಿಲ್ಲ. ವಿವರಣೆ ಬೇಡ, ಕತೆ ಬೇಡ. ದಿನಾ ಸಂಜೆ ನಾಲ್ಕು ಅಂಕ ಹೇಳಿದರೆ ಸಾಕು. ನಾನೂ ಹೇಳುತ್ತೇನೆ. ಇಬ್ಬರಲ್ಲಿ ಯಾರ ಅಂಕ ಏರಿದರೂ ಇಬ್ಬರೂ ನಿಲ್ಲುತ್ತೇವೆ, ಇಳಿಯಬೇಕಾದರೆ ಇಬ್ಬರೂ ಇಳಿಯುತ್ತೇವೆ. ಒಬ್ಬನನ್ನು ಕೆಳಗೆ ಕಳಿಸಿ ಇನ್ನೊಬ್ಬ ಮೇಲೆ ಹೋಗುವ ಮಾತೇ ಇಲ್ಲ.

ಅಲ್ಲಿಯವರೆಗೆ ಕಾಯುವುದು ಯಾಕೆ, ಇವತ್ತೇ ಶುರು ಮಾಡೋಣ. ಇಲ್ಲಿ ತಲೆನೋವಿಲ್ಲ, ಹಾಗಾಗಿ ಮೊಣಕಾಲಿಗೆ ಅಂಕ. ಬೆಳಿಗ್ಗೆ ಇಳಿದು ಬಂದ ಮೇಲೆ ನನ್ನ ಎಡ ಮೊಣಕಾಲು 1, ಬಲ 0. ನಿನ್ನದು ರಾತ್ರಿಯೊಳಗೆ ಕಳಿಸು. ಎರಡೂ 0 ಅಂತ ಬಂದರೆ ನಿನ್ನ ತಂಗಿಗೆ ಫೋನ್ ಮಾಡಿ ಕೇಳುತ್ತೇನೆ.

ನಿನ್ನ,
ಉಪನಾಯಕ