ಕಣ್ಣು ಹಳದಿಯಾದರೆ ಕಾಯಬೇಡಿ

ಸಂಪಾದಕರೇ,

ನಮ್ಮ ಅಣ್ಣ ರಾತ್ರಿಯೆಲ್ಲ ಅಂಗಾಲನ್ನು ಮಂಚದ ಅಂಚಿಗೆ ಉಜ್ಜುತ್ತಿದ್ದ. ಚರ್ಮದ ಅಲರ್ಜಿ ಇರಬೇಕು ಅಂತ ಎರಡು ವಾರ ಮುಲಾಮು ಹಚ್ಚಿದೆವು. ಆಮೇಲೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು, ಮಲ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು.

ಲಿವರ್ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಪಿತ್ತರಸ ಮಾಡುತ್ತದೆ. ದಾರಿ ಕಟ್ಟಿದರೆ ಅದು ಹಿಂದಕ್ಕೆ ತುಂಬಿಕೊಂಡು ಲಿವರಿನ ಜೀವಕೋಶಗಳನ್ನೇ ಹಾಳು ಮಾಡುತ್ತದೆ, ಪಿತ್ತರಸದಲ್ಲಿರುವ ಬಿಲಿರುಬಿನ್ ಎಂಬ ಹಳದಿ ಬಣ್ಣದ ವಸ್ತು ರಕ್ತಕ್ಕೆ ಸೇರಿ ಕಣ್ಣು ಹಳದಿಯಾಗುತ್ತದೆ, ಕರುಳಿಗೆ ಪಿತ್ತರಸ ಹೋಗದೆ ವಿಟಮಿನ್ ಕೆ ಸರಿಯಾಗಿ ಸಿಗದಿದ್ದರೆ ರಕ್ತ ಹೆಪ್ಪುಗಟ್ಟುವುದೂ ನಿಧಾನವಾಗುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆ ಕಟ್ಟಿ ಗಟ್ಟಿಯಾಗುವುದು. ಜೊತೆಗೆ ಚಳಿಜ್ವರ ಬಂದರೆ ಸೋಂಕು ತಗುಲಿರಬಹುದು, ಆಗ ಒಂದು ದಿನವೂ ಕಾಯುವ ಹಾಗಿಲ್ಲ.

ಕಾಮಾಲೆ ಅಂದ ತಕ್ಷಣ ವೈರಸ್ಸೇ ಇರಬೇಕು, ಪಥ್ಯ ಮಾಡಿದರೆ ಸಾಕು ಅಂತ ಸುಮ್ನೆ ಕೂರುತ್ತೇವೆ, ಅಲ್ವಾ? ಒಂದು ಸ್ಕ್ಯಾನ್ ಮಾಡಿಸಿದ್ದರೆ ನಮಗೆ ಮೊದಲೇ ಗೊತ್ತಾಗುತ್ತಿತ್ತು. ಬಾಯಿಯಿಂದ ಕೊಳವೆ ಇಳಿಸುವ ಎಂಡೋಸ್ಕೋಪಿಯಲ್ಲೇ ಕಲ್ಲು ತೆಗೆದರು, ಹೊಟ್ಟೆ ಕೊಯ್ಯಲಿಲ್ಲ.

ಇನ್ನೊಂದು ಮಾತು. ಹುಟ್ಟಿದ ಮಗುವಿಗೆ ಎರಡು ವಾರ ದಾಟಿದರೂ ಕಾಮಾಲೆ ಇಳಿಯದೆ, ಮಲವೂ ಬಿಳಿಯಾಗಿದ್ದರೆ ಪಿತ್ತನಾಳವೇ ಮುಚ್ಚಿರಬಹುದು. ಆಪರೇಷನ್ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು. ದಯವಿಟ್ಟು ಇದನ್ನು ನಿಮ್ಮ ಆರೋಗ್ಯ ಪುಟದಲ್ಲಿ ವಿವರವಾಗಿ ಬರೆಸಿ.

— ಒಬ್ಬ ಓದುಗ