ಆ ಜಿಪಿಎಗೆ ಇನ್ನೂ ಸಹಿ ಹಾಕಿಲ್ಲ ತಾನೇ?

ಮಂಡ್ಯ

ಚಿ. ಅಭಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೈಸೂರಲ್ಲಿ ಸೈಟು ತಗೊಂಡು ಮನೆ ಕಟ್ಟಿಸಿ ಬಾಡಿಗೆಗೆ ಕೊಡೋ ಬಗ್ಗೆ ನೀನು ಬರೆದಿದ್ದನ್ನು ಸೌಮ್ಯ ಪ್ರಿಂಟ್ ತೆಗೆದು ಕೊಟ್ಟಳು. ಸೈಟಿನ ರೇಟು, ಬ್ಯಾಂಕ್ ಸಾಲ, ಬಾಡಿಗೆ ಲೆಕ್ಕ ಎಲ್ಲಾ ಅಚ್ಚುಕಟ್ಟಾಗಿ ಬರೆದಿದ್ದೀಯ. ಅದರಲ್ಲಿ ನಾನು ಹೇಳೋದು ಏನೂ ಇಲ್ಲ. ಹೆಬ್ಬಾಳ್, ಹೂಟಗಳ್ಳಿ ಕಡೆ ಬಾಡಿಗೆಗೆ ಜನ ಸಿಗುತ್ತಾರೆ ಅನ್ನೋದೂ ಸರಿಯೇ. ಮನೆ ಸುದ್ದಿ ನಿಮ್ಮಮ್ಮ ದಿನಾ ಫೋನಲ್ಲಿ ಹೇಳುತ್ತಾಳೆ, ಅದನ್ನೂ ಬಿಟ್ಟೆ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ಮೈಸೂರಲ್ಲಿ ನನಗೆ ಯಾರೂ ಗೊತ್ತಿಲ್ಲ, ಮೋಸ ಹೋಗ್ತೀನೇನೋ ಅಂತ ಭಯ, ಅದಕ್ಕೇ ಆ ಬ್ರೋಕರ್ ಹೆಸರಿಗೆ ಒಂದು ಜಿಪಿಎ ಮಾಡಿಕೊಟ್ಟುಬಿಡ್ತೀನಿ, ರಿಜಿಸ್ಟ್ರೇಷನ್ನು, ಖಾತೆ, ಮನೆ ಕಟ್ಟಿಸೋದು, ಬಾಡಿಗೆಗೆ ಕೊಡೋದು ಎಲ್ಲಾ ಅವನೇ ನೋಡ್ಕೊಳ್ತಾನೆ" ಅಂತ. ಅದನ್ನು ಓದಿದ ಮೇಲೆ ರಾತ್ರಿ ಊಟ ಸೇರಲಿಲ್ಲ ನನಗೆ. ಜಿಪಿಎ ಅಂದರೆ ನಿನ್ನ ಪರವಾಗಿ ಎಲ್ಲಾ ವ್ಯವಹಾರ ಮಾಡೋ ಅಧಿಕಾರಪತ್ರ. ಮೋಸದ ಭಯಕ್ಕೆ ಯಾರಾದರೂ ಅದನ್ನು ಬರೆದುಕೊಡ್ತಾರೇನೋ ಮಗನೇ?

ಇನ್ನೂ ಸಹಿ ಹಾಕಿಲ್ಲ ತಾನೇ? ಹಾಕಿದ್ದರೆ ಇವತ್ತೇ ಫೋನ್ ಮಾಡು. ರದ್ದು ಪತ್ರ ರಿಜಿಸ್ಟರ್ ಮಾಡಿಸಿ, ಅವನಿಗೆ ನೋಟಿಸ್ ಕಳಿಸಿ, ಪೇಪರಲ್ಲಿ ಪ್ರಕಟಣೆ ಕೊಡಬೇಕಾಗುತ್ತೆ. ಹಾಕಿಲ್ಲ ಅಂದರೆ ಈ ಕಾಗದ ನಿಧಾನಕ್ಕೆ ಓದು, ಆತುರ ಇಲ್ಲ.

ಅವನು ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವನೇ ಇರಬಹುದು. ನನಗೆ ಭಯ ಇರೋದೂ ಒಳ್ಳೆಯವರ ಮೇಲೇ ಜಾಸ್ತಿ. ಕಳ್ಳನನ್ನು ಕಂಡರೆ ನೀನೇ ಹುಷಾರಾಗಿರುತ್ತೀಯ. ಒಳ್ಳೆಯವನ ಹತ್ತಿರ ಲೆಕ್ಕ ಕೇಳೋಕೆ ನಾಚಿಕೆ ಆಗುತ್ತೆ, ಅಲ್ಲಿಂದಲೇ ಎಲ್ಲಾ ಶುರು.

ನಮ್ಮ ಸಿಮೆಂಟ್ ಅಂಗಡಿ ಮುಚ್ಚಿದ ಕಥೆ ನಿನಗೆ ಗೊತ್ತು, ಬೇಡ ಬಿಡು. ನಡೆಯುತ್ತಿದ್ದಾಗಿನ ಮಾತು ಹೇಳುತ್ತೇನೆ. ನಿಮ್ಮ ದೊಡ್ಡಪ್ಪ ಲಾರಿ, ಗೋಡೌನು ಅಂತ ಓಡಾಡುತ್ತಿದ್ದರು. ಗಲ್ಲಾದಲ್ಲಿ ಕೂತು ಸಿಮೆಂಟು, ಕಂಬಿ ಲೆಕ್ಕ ಬರೆಯುತ್ತಿದ್ದವಳು ನಾನು. ಒಬ್ಬರು ಟೀಚರಮ್ಮ ಇದ್ದರು, ಕೆಲಸ ದೂರದ ಊರಲ್ಲಿ. ಇಲ್ಲಿ ಮನೆ ಕಟ್ಟಿಸೋಕೆ ಪರಿಚಯದವರೊಬ್ಬರಿಗೆ ಎಲ್ಲಾ ಒಪ್ಪಿಸಿದ್ದರು. ಪಾಯ ಹಾಕುವಾಗ ಆ ಮನುಷ್ಯ ಒಂದೊಂದು ಮೂಟೆಗೂ ಬಿಲ್ ಕೇಳಿ ಇಸ್ಕೊಳ್ಳೋರು. ಚಿಲ್ಲರೆ ಸಹ ಬರೆಸೋರು. ಲಿಂಟಲ್ ಮಟ್ಟಕ್ಕೆ ಬರೋ ಹೊತ್ತಿಗೆ ಅವರ ಮಗಳ ಮದುವೆ ಗೊತ್ತಾಯಿತು. ಆಮೇಲೆ ನೋಡು, ಬಿಲ್ಲು ಟೀಚರಮ್ಮನ ಹೆಸರಿಗೆ, ಅರ್ಧ ಲೋಡು ಇಳಿಯುತ್ತಿದ್ದದ್ದು ಇನ್ನೊಂದು ಕಡೆ. ನಮ್ಮ ಡ್ರೈವರ್ ಬಂದು ಹೇಳೋನು. ನಾನು ಬಾಯಿ ಬಿಟ್ಟರೆ "ಗಿರಾಕಿ ಮನೆ ವಿಷಯ ನಿನಗ್ಯಾಕೆ" ಅನ್ನೋರು ನಿಮ್ಮ ದೊಡ್ಡಪ್ಪ. ಅಂಗಡಿ ನಡೆಯಬೇಕಿತ್ತಲ್ಲ, ಅವರದ್ದೂ ತಪ್ಪು ಅನ್ನೋಕಾಗಲ್ಲ. ಆ ಟೀಚರಮ್ಮ ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದಿದ್ದರು. ನಾನು ಹೋಗಲಿಲ್ಲ.

ಆ ಮನುಷ್ಯ ಕಳ್ಳರಾಗಿ ಬಂದವರಲ್ಲ, ಅಭಿ. ಕಷ್ಟ ಬಂದಾಗ ಬೇರೆಯವರ ದುಡ್ಡು ಕೈಲಿತ್ತು, ಕೇಳೋರು ಇರಲಿಲ್ಲ, ಅಷ್ಟೇ. ನಿನ್ನ ಬ್ರೋಕರ್‌ಗೂ ಮಗಳಿರಬಹುದು. ಟೀಚರಮ್ಮಂದು ಬರೀ ಸಿಮೆಂಟಿನ ದುಡ್ಡು. ನೀನು ಕೊಡೋಕೆ ಹೊರಟಿರೋದು ಸೈಟನ್ನೇ ಮಾರೋ, ಅಡ ಇಡೋ ಅಧಿಕಾರ.

ನಂಬಿಕಸ್ಥ ಮೇಸ್ತ್ರಿ ಹೆಸರು ಕೊಡು ಅಂತ ಕೇಳಿದ್ದೀಯ. ಇದನ್ನು ಬರೆಯೋಕೆ ನನಗೆ ಸಂಕಟ. ಒಂದು ಕಾಲಕ್ಕೆ ಕೇಳಿದ್ದರೆ ಗಲ್ಲಾದಲ್ಲಿ ಕೂತಲ್ಲೇ ಹತ್ತು ಹೆಸರು ಹೇಳುತ್ತಿದ್ದೆ. ಸಾಲದ ಪುಸ್ತಕದಲ್ಲಿ ಎಲ್ಲಾ ಇರುತ್ತಿತ್ತು. ಯಾವ ಮೇಸ್ತ್ರಿ ಶನಿವಾರ ಬಟವಾಡೆ ಮಾಡಿ ಮಿಕ್ಕಿದ್ದನ್ನು ಸೋಮವಾರ ತಂದು ಕಟ್ಟುತ್ತಾನೆ, ಯಾರು ಒಂದು ಮನೆಯ ದುಡ್ಡಲ್ಲಿ ಇನ್ನೊಂದು ಮನೆಯ ಬಾಕಿ ತೀರಿಸುತ್ತಾನೆ, ಯಾರು ಮಿಕ್ಕ ಮೂಟೆ ವಾಪಸ್ ತಂದು ಮಾಲೀಕನ ಹೆಸರಲ್ಲೇ ಜಮಾ ಮಾಡಿಸುತ್ತಾನೆ. ಆ ಕೊನೇ ಥರದವರು ಕಮ್ಮಿ. ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ, ನನಗೆ ಮಾತ್ರ ಗೊತ್ತಿದ್ದ ಗುರುತು. ಈಗ ಕೆಲವರು ತೀರಿಕೊಂಡರು, ಕೆಲವರಿಗೆ ಮಂಡಿ ನೋವು. ಮಕ್ಕಳು ಗಾರೆ ಕೆಲಸ ಬಿಟ್ಟು ಬೆಂಗಳೂರಿಗೆ ಕಾರು ಓಡಿಸೋಕೆ ಹೋದರು. ಅಂಗಡಿ ಖಾಲಿ ಮಾಡುವಾಗ ಪುಸ್ತಕ ರದ್ದಿಗೆ ಹೋಯಿತು. ನಿನಗೆ ಕೊಡೋಕೆ ಒಂದು ಹೆಸರೂ ಉಳಿದಿಲ್ಲ ನನ್ನ ಹತ್ತಿರ.

ಆದರೆ ಆ ಪುಸ್ತಕ ಈಗಲೂ ಒಂದೊಂದು ಅಂಗಡಿಯಲ್ಲೂ ಇರುತ್ತೆ. ಸೈಟಿನ ಹತ್ತಿರ ಇರೋ ಸಿಮೆಂಟ್ ಅಂಗಡಿಗೆ ಹೋಗು. "ಒಳ್ಳೆ ಮೇಸ್ತ್ರಿ ಯಾರು" ಅಂತ ಕೇಳಬೇಡ, ಕಮಿಷನ್ ಇರೋನ ಹೆಸರು ಹೇಳುತ್ತಾರೆ. ಮೇಸ್ತ್ರಿ ಕರೆತಂದ ಗಿರಾಕಿಗೆ ಇಷ್ಟು ಅಂತ ನಮ್ಮಲ್ಲೂ ಕೊಡುತ್ತಿದ್ದೆವು, ಅದು ಎಲ್ಲಾ ಕಡೆ ಇರೋ ಪದ್ಧತಿ. "ನೀವು ಯಾರಿಗೆ ಸಾಲ ಕೊಡ್ತೀರ" ಅಂತ ಕೇಳು. ಅಂಗಡಿಯವನು ತನ್ನ ಸ್ವಂತ ದುಡ್ಡು ಯಾರ ಕೈಲಿ ಬಿಡುತ್ತಾನೋ ಅವನನ್ನು ನೋಡು.

ಆಮೇಲೆ ಆ ಮೇಸ್ತ್ರಿ ಈಗ ಕಟ್ಟುತ್ತಿರೋ ಮನೆಗೆ ಭಾನುವಾರ ಹೋಗು, ಅವನಿಗೆ ಹೇಳದೆ. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕಿದ್ದರೆ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿರಬೇಕು. ಹೀಗೆ ನೀರುಣಿಸೋ ಕ್ಯೂರಿಂಗ್ ಕಡಿಮೆ ಅಂದರೂ 7 ದಿನ, ಈಗ ಎಲ್ಲರೂ ಹಾಕೋ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ. ರಜದ ದಿನವೂ ಪಾತಿಯಲ್ಲಿ ನೀರಿದ್ದರೆ ಆ ಮೇಸ್ತ್ರಿಯ ಹತ್ತಿರ ಮಾತಾಡು. ಒಣಗಿ ಬಿರುಕು ಬಿಟ್ಟಿದ್ದರೆ ಸುಮ್ನೆ ವಾಪಸ್ ಬಾ. ಪಕ್ಕದ ಮನೆಯವರನ್ನೂ ಮಾತಾಡಿಸು, ಇಸ್ತ್ರಿ ಅಂಗಡಿಯವರನ್ನೂ. ಬೀದಿಯ ಸುದ್ದಿ ಅವರಿಗೆ ಗೊತ್ತಿರುತ್ತೆ.

ಇಷ್ಟೆಲ್ಲಾ ಓಡಾಡೋಕೆ ಪುಣೆಯಲ್ಲಿ ಕೂತಿರೋ ನಿನಗೆ ಎಲ್ಲಿ ಆಗುತ್ತೆ ಅಂತ ನನಗೂ ಗೊತ್ತು. ಅದಕ್ಕೇ ನೀನು ಆ ಜಿಪಿಎ ದಾರಿ ಹಿಡಿದಿದ್ದೀಯ. ಒಬ್ಬನೇ ಆದರೆ ಸಲೀಸು, ಒಂದೇ ಫೋನು. ನನಗೆ ಭಯ ಆಗೋದೂ ಆ ಸಲೀಸಿಗೇ. ಸೈಟು ತೋರಿಸಿದವನೇ ಕಾಗದ ನೋಡೋ ವಕೀಲರನ್ನೂ ಕರೆತಂದರೆ ಕಾಗದ ಯಾವಾಗಲೂ ಸರಿಯಾಗೇ ಇರುತ್ತೆ. ವಕೀಲರು ನೀನು ಹುಡುಕಿದವರಾಗಿರಲಿ. ಇಂಜಿನಿಯರ್ ಮೇಸ್ತ್ರಿಯ ಭಾವಮೈದ ಆಗೋದು ಬೇಡ. ನಾಲ್ಕು ಜನ ಇರಲಿ, ಒಬ್ಬರಿಗೊಬ್ಬರಿಗೆ ಅಷ್ಟಾಗಿ ಪರಿಚಯ ಇಲ್ಲದೆ ಇರಲಿ. ಒಬ್ಬ ಮುಚ್ಚಿಟ್ಟಿದ್ದನ್ನು ಇನ್ನೊಬ್ಬ ಹೇಳುತ್ತಾನೆ.

ಬೆಂಗಳೂರು-ಮೈಸೂರು ದಶಪಥ ಹೈವೇ 2023ರಲ್ಲಿ ಉದ್ಘಾಟನೆ ಆದಮೇಲೆ ನಮ್ಮ ಕಡೆ ಟೀ ಅಂಗಡಿಯವನೂ ಬ್ರೋಕರೇ, ತಮಾಷೆಯಲ್ಲ. ಮೊನ್ನೆ ಹಾಲು ಹಾಕೋ ಹುಡುಗ ಸೈಟಿನ ಫೋಟೋ ತೋರಿಸಿದ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಬೇಕು, ಅಂಥ ಲೇಔಟಿನ ಸೈಟು ಮಾರಿಸೋ ಏಜೆಂಟಿಗೂ ಬೇಕು. ನಿನ್ನ ಬ್ರೋಕರ್ ಹತ್ತಿರ ಆ ನಂಬರ್ ಕೇಳು. ಅಗ್ರಿಮೆಂಟ್ ರಿಜಿಸ್ಟರ್ ಆಗದೆ ಲೇಔಟಿನವರು ನೂರಕ್ಕೆ 10ಕ್ಕಿಂತ ಜಾಸ್ತಿ ಅಡ್ವಾನ್ಸ್ ಇಸ್ಕೊಳ್ಳೋ ಹಾಗಿಲ್ಲ. ಆಸ್ತಿ ದಾಖಲೆ ಅಂತ ನಗರದ ಸೈಟಾದರೆ ಇ-ಖಾತಾ ಇರಬೇಕು, ಪಂಚಾಯಿತಿ ಸೈಟಾದರೆ ಫಾರಂ 9, 11. ಎರಡಕ್ಕೂ ಮೊದಲು ಕೃಷಿ ಜಮೀನನ್ನು ಬದಲಿಸಿದ ಭೂಪರಿವರ್ತನೆ ಆದೇಶ, ಲೇಔಟಿಗೆ ಅಭಿವೃದ್ಧಿ ಪ್ರಾಧಿಕಾರದ ಅನುಮೋದನೆ ನೋಡು. ಮೈಸೂರಿನ ಆ ಪ್ರಾಧಿಕಾರ, ಮುಡಾ ಅಂತಿದ್ದದ್ದು, ಈಗ ಎಂಡಿಎ ಆಗಿದೆ, ಹಳೇ ಕಾಗದದಲ್ಲಿ ಮುಡಾ ಅಂತಲೇ ಇರುತ್ತೆ. ಮೂಲದಲ್ಲಿ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇನೋ ಅಂತ ವಕೀಲರಿಂದ ತಪ್ಪದೆ ನೋಡಿಸು. ಅಂಥ ಜಮೀನು ಮಾರೋದನ್ನು ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಇದೆ, ಅನುಮತಿ ಇಲ್ಲದೆ ಮಾರಿದ್ದರೆ ವಾಪಸ್ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ.

ಇನ್ನೊಂದು, ಮತ್ತೆ ಅದೇ ವಿಷಯ. ನಿನಗೆ ಸೈಟು ಮಾರುತ್ತಿರೋನು ಮಾಲೀಕನೋ, ಅವನೂ ಯಾರದ್ದೋ ಜಿಪಿಎ ಇಟ್ಕೊಂಡವನೋ? ಬರೀ ಜಿಪಿಎ ಕೈಬದಲಾದರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬರೆದುಕೊಟ್ಟವರು ಬದುಕಿದ್ದಾರಾ ಅಂತಲೂ ವಿಚಾರಿಸು.

ಮನೆ ಕಟ್ಟೋ ಹೊತ್ತಿಗೆ ಮೇಸ್ತ್ರಿಗೆ ಲೇಬರ್ ಕಾಂಟ್ರಾಕ್ಟ್ ಮಾತ್ರ ಕೊಡು, ಚದರಕ್ಕೆ ಇಷ್ಟು ಅಂತ. ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರಿಂಗ್, ಒಂದೊಂದು ಮುಗಿದ ಮೇಲೆ ದುಡ್ಡು. ಸಾಮಾನಿನ ದುಡ್ಡು ನೇರ ಅಂಗಡಿ ಅಕೌಂಟಿಗೆ ಹಾಕು. ಕಂಬಿ ಲೋಡಿಗೆ ವೇಬ್ರಿಡ್ಜ್ ಚೀಟಿಯ ಫೋಟೋ ಕೇಳು. 12 ಎಂಎಂ ಕಂಬಿ, 12 ಮೀಟರ್ ಉದ್ದದ್ದು, ಒಂದಕ್ಕೆ ಹತ್ತೂಮುಕ್ಕಾಲು ಕೆಜಿಗೆ ಹತ್ತಿರ ಬರಬೇಕು. ಒಂಬತ್ತೂವರೆ ಬಂದರೆ ಯಾರೋ ತಿಂದಿದ್ದಾರೆ ಅಂತ. ಈಗಿನವರಿಗೆ ಇದೆಲ್ಲಾ ಹಳೇ ಕಾಲದ ಲೆಕ್ಕ ಅನ್ನಿಸಬಹುದು. ನನಗೆ ಗೊತ್ತಿರೋದು ಇಷ್ಟೇ.

ಬರೋಕೆ ಆಗದೇ ಇದ್ದರೆ ಸೌಮ್ಯಳ ಹೆಸರಿಗೆ ಎಸ್‌ಪಿಎ, ಅಂದರೆ ಗೊತ್ತುಮಾಡಿದ ಕೆಲಸಕ್ಕಷ್ಟೇ ಇರೋ ಅಧಿಕಾರಪತ್ರ, ಮಾಡಿಕೊಡು, ಆ ಒಂದು ರಿಜಿಸ್ಟ್ರೇಷನ್ ಕೆಲಸಕ್ಕೆ ಮಾತ್ರ. ಅದರಲ್ಲೂ ಮಾರೋ, ಅಡ ಇಡೋ ಮಾತು ಇರಬಾರದು. ಸೌಮ್ಯ ನಮ್ಮವಳೇ, ಆದರೂ ಇರಬಾರದು. ಅವಳಿಗೂ ಹೇಳಿದ್ದೇನೆ, ಬೇಜಾರು ಮಾಡಿಕೊಳ್ಳಲಿಲ್ಲ.

ಸರ್ವೆ ನಂಬರ್, ಸೈಟ್ ನಂಬರ್, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಕಳಿಸು. ಅವಳು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇಸಿಗೆ, ಅಂದರೆ ಸೈಟಿನ ಮೇಲಿನ ಮಾರಾಟ, ಸಾಲ ತೋರಿಸೋ ಋಣಭಾರ ಪತ್ರಕ್ಕೆ, ಅರ್ಜಿ ಹಾಕುತ್ತಾಳೆ. 30 ವರ್ಷದ್ದು ತೆಗೆಸೋಣ, ಹಳೇದಕ್ಕೆ ಆಫೀಸಿಗೇ ಹೋಗಬೇಕಾಗಬಹುದು. ಹಬ್ಬಕ್ಕೆ ಬರೋ ಹಾಗಿದ್ದರೆ ಒಂದು ದಿನ ಮೊದಲೇ ಬಾ, ಹಬ್ಬದ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ರಜ.

ಇಂತಿ
ನಿನ್ನ ದೊಡ್ಡಮ್ಮ