ಅಡಿಕೆ ಧಾರಣೆ ಹಾಕುತ್ತೀರಿ, ಸಿಮೆಂಟು-ಕಬ್ಬಿಣದ ದರವನ್ನೂ ಹಾಕಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ಮನೆ ಕಟ್ಟಲು ಹೊರಟವರಿಗೆ ಧೈರ್ಯ ಬಂದಿದೆ. ನಮ್ಮ ಬೀದಿಯಲ್ಲೇ ಇಬ್ಬರು ಗುದ್ದಲಿ ಪೂಜೆಗೆ ದಿನ ನೋಡಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಅವರ ಜೊತೆ ಕೂತು ಲೆಕ್ಕ ಹಾಕಿದಾಗ ನನಗೆ ಭಯವಾಯಿತು. ಚೀಲಕ್ಕೆ 380 ರೂಪಾಯಿ ಇದ್ದ ಸಿಮೆಂಟು ತೆರಿಗೆ ಲೆಕ್ಕದಲ್ಲಿ 350ಕ್ಕೆ ಬರಬೇಕು. ಹನ್ನೊಂದು ಹನ್ನೆರಡು ಚದರದ (ಒಂದು ಚದರ ಅಂದರೆ ನೂರು ಚದರ ಅಡಿ) ಮನೆಗೆ ಹೆಚ್ಚು ಕಡಿಮೆ 450ರಿಂದ 500 ಚೀಲ ಬೇಕಾಗುತ್ತದೆ. ಅಂದರೆ ಉಳಿಯುವುದು ಹೆಚ್ಚೆಂದರೆ ಹದಿನೈದು ಸಾವಿರ. ಅದು ತೇಗದ ಮುಂಬಾಗಿಲಿಗೂ ಸಾಲುವುದಿಲ್ಲ.

ನಾವು ದಾವಣಗೆರೆಯ ಹೊರಗಡೆ ಮೂವತ್ತು-ಐವತ್ತರ ಸೈಟಿನಲ್ಲಿ 2023ರಲ್ಲಿ ಮನೆ ಶುರು ಮಾಡಿದೆವು. ಹನ್ನೊಂದೂವರೆ ಚದರ, ಅಡಿಗೆ 1,900 ರೂಪಾಯಿ, ಮೆಟೀರಿಯಲ್ ಸಮೇತ. ಗುತ್ತಿಗೆದಾರರು ಹೇಳಿದ್ದು ಇಷ್ಟೇ, ನಾವು ಕೇಳಿಸಿಕೊಂಡದ್ದೂ ಇಷ್ಟೇ. ಒಂದು ಹಾಳೆಯ ಹಿಂದೆ ಗುಣಿಸಿದೆವು. 21 ಲಕ್ಷದ 85 ಸಾವಿರ ಬಂತು. ಮೇಲೆ ಒಂದೆರಡು ಲಕ್ಷ ಇಟ್ಟುಕೊಂಡರೆ ಆಯಿತು ಅಂದುಕೊಂಡೆವು. ಗೃಹಪ್ರವೇಶದ ಹೊತ್ತಿಗೆ ಲೆಕ್ಕ 34 ಲಕ್ಷ ದಾಟಿತ್ತು.

ಮೊದಲ ಪೆಟ್ಟು ಬಿದ್ದದ್ದು ಪಾಯದಲ್ಲೇ. ನಮ್ಮದು ಎರೆಮಣ್ಣು. ನಾಲ್ಕು ಅಡಿ ಅಗೆದಾಗ ಮೇಸ್ತ್ರಿ ಗುಂಡಿಗೆ ಇಳಿದು ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿದರು. ಕಪ್ಪಗೆ, ಜಿಗುಟಾಗಿ ಬೆರಳಿಗೆ ಅಂಟಿಕೊಂಡಿತು. 'ಇದರ ಮೇಲೆ ಕಲ್ಲು ಇಟ್ಟರೆ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಗೋಡೆನೂ ಅದರ ಜೊತೆ ಹೋಗುತ್ತೆ' ಅಂದರು. ಅವರ ಮಾತು ನಿಜ. ಗರಸು, ಅಂದರೆ ಗಟ್ಟಿ ಮಣ್ಣು, ಸಿಗುವ ತನಕ ಇಳಿಯಲೇಬೇಕು. ಒಂದು ಮೂಲೆಯಲ್ಲಿ ಆರೂವರೆ ಅಡಿಗೆ ಸಿಕ್ಕಿತು. ಅಗೆತ, ಸೈಜುಗಲ್ಲು, ಕಾಂಕ್ರೀಟು, ಮತ್ತೆ ತುಂಬಿಸಲು ಹೊರಗಿನಿಂದ ತಂದ ಗ್ರಾವೆಲ್ ಎಲ್ಲ ಸೇರಿ 1 ಲಕ್ಷದ 60 ಸಾವಿರ ಜಾಸ್ತಿಯಾಯಿತು. ಆಮೇಲೆ ನೋಡಿದರೆ ಒಪ್ಪಂದದಲ್ಲಿ ಪಾಯ ನಾಲ್ಕು ಅಡಿವರೆಗೆ ಮಾತ್ರ ಅಂತ ಒಂದು ಸಾಲು ಇತ್ತು. ಸಹಿ ಹಾಕುವಾಗ ಅದು ಕಣ್ಣಿಗೇ ಬಿದ್ದಿರಲಿಲ್ಲ. ಸೈಟಿನಲ್ಲಿ ಎರಡು ಕಡೆ ಗುಂಡಿ ತೋಡಿಸಿ ನೋಡಲು ಎಷ್ಟಾಗುತ್ತಿತ್ತು ಹೇಳಿ, ಎರಡು ದಿನದ ಕೂಲಿ ಅಷ್ಟೇ ಅಲ್ವಾ?

ಎರಡನೆಯದು ಅಳತೆ. ಕೊನೆಯ ಬಿಲ್ಲಿನಲ್ಲಿ ಹನ್ನೊಂದೂವರೆ ಚದರ ಹದಿಮೂರು ಆಗಿತ್ತು. ಪೋರ್ಟಿಕೋ, ಮೆಟ್ಟಿಲ ಮೇಲಿನ ಹೆಡ್‌ರೂಮು ಎರಡನ್ನೂ ಸೇರಿಸಿದ್ದರು. ಕೇಳಿದ್ದಕ್ಕೆ 'ಸ್ಲ್ಯಾಬ್ ಬಿದ್ದಲ್ಲೆಲ್ಲ ಅಡಿ ಲೆಕ್ಕ ಸರ್' ಅಂದರು. 150 ಅಡಿಗೆ 2 ಲಕ್ಷದ 85 ಸಾವಿರ. ಯಾವುದು ಪೂರ್ತಿ ಲೆಕ್ಕ, ಯಾವುದು ಅರ್ಧ, ಯಾವುದು ಲೆಕ್ಕಕ್ಕೇ ಇಲ್ಲ ಅಂತ ಮೊದಲೇ ಬರೆಸಿಕೊಳ್ಳದ ಮೇಲೆ ಜಗಳ ಆಡಿ ಪ್ರಯೋಜನ ಇರಲಿಲ್ಲ. ಸಂಪು, ಕಾಂಪೌಂಡು, ಗೇಟು ಅಡಿ ಲೆಕ್ಕದ ಹೊರಗೆ. ಬೋರ್‌ವೆಲ್ ಹೊರಗೆ. ಅಡುಗೆಮನೆಯ ಕಪಾಟು, ಬಟ್ಟೆಯ ವಾರ್ಡ್‌ರೋಬು ಹೊರಗೆ. ಇವೆಲ್ಲ ಇಲ್ಲದೆ ಯಾರು ತಾನೇ ಮನೆಯಲ್ಲಿ ಇರುತ್ತಾರೆ?

ನನ್ನ ಹೆಂಡತಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ಖರ್ಚು ಬರೆದಿಟ್ಟಳು. ಬಿಲ್ಲು ಇದ್ದರೆ ಅದನ್ನು ಅಲ್ಲೇ ಪಿನ್ ಮಾಡುತ್ತಿದ್ದಳು. ಅದರ ಕೊನೆಯಲ್ಲಿ 'ಚಿಲ್ಲರೆ' ಅಂತ ಆರು ಪುಟ ಇದೆ. ಮೊಳೆ, ಬೈಂಡಿಂಗ್ ತಂತಿ, ಕ್ಯೂರಿಂಗ್ ಪೈಪು, ಕಂಬಕ್ಕೆ ಸುತ್ತಲು ಗೋಣಿಚೀಲ, ಟ್ಯಾಂಕರ್ ನೀರು, ಮೋಲ್ಡ್ (ಛಾವಣಿಯ ಕಾಂಕ್ರೀಟು) ಹಾಕಿದ ದಿನ ಮೂವತ್ತು ಜನರ ಊಟ, ಲೋಡು ಇಳಿಸಿದವರಿಗೆ ಇನ್ನೂರು. ಯಾವುದೂ ದೊಡ್ಡದಲ್ಲ. ಕೂಡಿದರೆ 68 ಸಾವಿರ. ಈ ನೋಟ್‌ಬುಕ್ ಇಲ್ಲದಿದ್ದರೆ ನಮ್ಮ ದುಡ್ಡು ಎಲ್ಲಿಗೆ ಹೋಯಿತು ಅಂತ ನಮಗೇ ಗೊತ್ತಾಗುತ್ತಿರಲಿಲ್ಲ.

ಸಾಲದ ವಿಷಯವನ್ನೂ ಹೇಳಬೇಕು. 30 ಲಕ್ಷದವರೆಗಿನ ಸಾಲಕ್ಕೆ ಮೌಲ್ಯದ ಶೇ 90ರವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದನ್ನು ಕೇಳಿದವರು ಕೈಯಲ್ಲಿ ಶೇ 10 ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಬ್ಯಾಂಕು ಹಣ ಬಿಡುವುದು ಹಂತ ಹಂತವಾಗಿ. ಪಾಯ, ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ತೊಲೆ), ಮೋಲ್ಡ್, ಫಿನಿಶಿಂಗ್ ಹೀಗೆ. ಒಂದು ಹಂತ ಮುಗಿದು, ಅವರ ಕಡೆಯವರು ಬಂದು ನೋಡಿ, ಆಮೇಲೆ ಆ ಹಂತದ ಹಣ. ಅಷ್ಟರಲ್ಲಿ ಶನಿವಾರದ ಬಟವಾಡೆ ನಿಲ್ಲುವುದಿಲ್ಲ, ಕಬ್ಬಿಣದ ಅಂಗಡಿಯವರು ಕಾಯುವುದಿಲ್ಲ. ಬಿಟ್ಟ ಹಣಕ್ಕೆ ಬಡ್ಡಿ ಅವತ್ತಿನಿಂದಲೇ ಶುರು. ಒಂಬತ್ತು ತಿಂಗಳು ಅಂದದ್ದು ಹದಿನಾಲ್ಕು ತಿಂಗಳು ಆಯಿತು, ಅಷ್ಟೂ ದಿನ ಬಾಡಿಗೆಯನ್ನೂ ಕಟ್ಟಿದೆವು, ಬಡ್ಡಿಯನ್ನೂ ಕಟ್ಟಿದೆವು. ಈ ಐದು ತಿಂಗಳ ಬಾಡಿಗೆ ಯಾರ ಅಂದಾಜು ಪಟ್ಟಿಯಲ್ಲೂ ಇರುವುದಿಲ್ಲ.

ಪ್ಲಾನ್ ಮಂಜೂರಾತಿ ವೇಳೆ ಕಟ್ಟಡದ ವೆಚ್ಚದ ಶೇ 1ರಷ್ಟು ಕಾರ್ಮಿಕರ ಸೆಸ್ ಕೂಡ ಇದೆ. ನಾವು ಕಟ್ಟುವಾಗ ಸ್ವಂತ ವಾಸದ ಮನೆಗೆ ಹತ್ತು ಲಕ್ಷದವರೆಗಿನ ವೆಚ್ಚವಾದರೆ ಮಾತ್ರ ವಿನಾಯಿತಿ ಇತ್ತು. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುವ ಹಣ, ನಮ್ಮ ಮನೆಗೆ ಕಲ್ಲು ಹೊತ್ತವರಂಥ ಜನಕ್ಕೇ ಸೇರಬೇಕಾದದ್ದು. ಕೊಡಲು ನನಗೆ ಬೇಜಾರಿಲ್ಲ. ಮೊದಲೇ ತಿಳಿದಿರಬೇಕು ಅಷ್ಟೇ.

ಇಷ್ಟೆಲ್ಲ ಬರೆಯಲು ಕಾರಣ ಇದೆ. ನಾವು ಮನೆ ಕಟ್ಟುವ ಮೊದಲು ಏಳೆಂಟು ಜನರನ್ನು ಕೇಳಿದ್ದೆವು. ಎಲ್ಲರೂ 'ಮನೆ ಕಟ್ಟಿ ನೋಡು' ಅಂತ ಗಾದೆ ಹೇಳಿದರೇ ಹೊರತು ಲೆಕ್ಕದ ಪುಸ್ತಕ ತೆಗೆದು ತೋರಿಸಿದವರು ಒಬ್ಬರೂ ಇಲ್ಲ. ಜಾಸ್ತಿ ಖರ್ಚಾಗಿದೆ ಅಂತ ಹೇಳಲು ಏನೋ ಮುಜುಗರ. ಹೀಗಾಗಿ ಪ್ರತಿಯೊಬ್ಬರೂ ಅದೇ 'ಅಡಿಗೆ ಇಷ್ಟು' ಅನ್ನುವ ಒಂದೇ ಸಂಖ್ಯೆ ಹಿಡಿದು ಹೊರಡುತ್ತಾರೆ, ಮೋಲ್ಡ್ ಆದ ಮೇಲೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗುತ್ತದೆ. ನಮ್ಮಲ್ಲೂ ಹೋಯಿತು.

ನಿಮ್ಮ ಪತ್ರಿಕೆಯಲ್ಲಿ ದಿನಾ ಅಡಿಕೆ ಧಾರಣೆ ಬರುತ್ತದೆ, ಚಿನ್ನದ ದರ ಬರುತ್ತದೆ. ಅದೇ ತರಹ ವಾರಕ್ಕೊಮ್ಮೆ ಜಿಲ್ಲಾ ಪುಟದಲ್ಲಿ ಸಿಮೆಂಟು ಚೀಲಕ್ಕೆ, ಕಬ್ಬಿಣ ಕೆಜಿಗೆ, ಎಂ ಸ್ಯಾಂಡ್ ಮತ್ತು ಜಲ್ಲಿ ಟನ್ನಿಗೆ, ಗಾರೆ ಕೆಲಸ ಚದರಕ್ಕೆ ಎಷ್ಟು ನಡೆಯುತ್ತಿದೆ ಅಂತ ಹಾಕಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇದೆ ನಿಜ, ಆದರೆ ಅದು ಎಂಜಿನಿಯರುಗಳಿಗೆ ಅರ್ಥವಾಗುವಂಥದ್ದು. ದರ ಗೊತ್ತಿದ್ದವರಿಗೆ ತೂಕ ಕೇಳುವ ಧೈರ್ಯವೂ ಬರುತ್ತದೆ. ಹನ್ನೆರಡು ಎಂಎಂ ಕಂಬಿ, ಹನ್ನೆರಡು ಮೀಟರ್ ಉದ್ದದ್ದು, ಒಂದೊಂದು ಸುಮಾರು ಹತ್ತೂವರೆ ಕೆಜಿ ತೂಗಬೇಕು. ಇದು ನನಗೆ ಗೊತ್ತಾಗಿದ್ದು ಕಬ್ಬಿಣವೆಲ್ಲ ಕಾಂಕ್ರೀಟಿನೊಳಗೆ ಹೋದ ಮೇಲೆ.

ಅದರ ಪಕ್ಕದಲ್ಲಿ ತಿಂಗಳಿಗೊಂದು ಮನೆಯ ಪೂರ್ತಿ ಲೆಕ್ಕವನ್ನೂ ಪ್ರಕಟಿಸಿ. ಮಾಲೀಕರ ಹೆಸರು ಬೇಡ, ಊರು, ಮಣ್ಣು, ಚದರ, ಖರ್ಚು ಇದ್ದರೆ ಸಾಕು. ನಮ್ಮ ನೋಟ್‌ಬುಕ್ಕಿನ ಝೆರಾಕ್ಸ್ ಈಗಾಗಲೇ ನಮ್ಮ ಬೀದಿಯ ಆ ಎರಡು ಮನೆಗೂ ಹೋಗಿದೆ. ನೀವು ಕೇಳಿದರೆ ನಿಮಗೂ ಒಂದು ಪ್ರತಿ ಕಳಿಸುತ್ತೇನೆ, ಚಿಲ್ಲರೆ ಪುಟಗಳ ಸಮೇತ.

– ಒಬ್ಬ ಓದುಗ, ದಾವಣಗೆರೆ